ಅಪ್ಪ ಕೆಡವಿದ ಪಾಡಾ

ಗೋರೆಗಾಂವ್ ಸ್ಟೇಷನ್ನಿನಿಂದ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದರೆ ಕಾಡಿನ ವಾಸನೆ ಮೂಗಿಗೆ ಬಡಿಯುತ್ತಿದ್ದ ದಿನಗಳವು. ಮುಂಬಯಿಯಲ್ಲೂ ಆದಿವಾಸಿಗಳಿದ್ದಾರೆ ಎಂದರೆ ನನ್ನ ಆಫೀಸಿನವರು ಇಂದಿಗೂ ನಗುತ್ತಾರೆ. ನಗಲಿ, ನನಗೇನು! ನಾನು ಅವರ ಅಂಗಳದಲ್ಲೇ ಬೆಳೆದವಳು.

ಸಿಂದಗಿ ಕಡೆಯಿಂದ ಬಂದ ನಮ್ಮದು ವಾರ್ಲಿ ಆದಿವಾಸಿಗಳ ಪಾಡಾಕ್ಕೆ ಅಂಟಿಕೊಂಡ ತಗಡಿನ ಶೆಡ್ಡು. ಪಾಡಾ ಎಂದರೆ ಕಾಡಿನಂಚಿನ ಅವರ ಪುಟ್ಟ ಊರು. ಅಪ್ಪ ಒಬ್ಬ ಕಾಂಟ್ರಾಕ್ಟರನ ಜೆಸಿಬಿ ಓಡಿಸುತ್ತಿದ್ದ. ಅವ್ವ ಬಡಿದ ಜೋಳದ ರೊಟ್ಟಿ ಅತ್ತ ಹೋಗುತ್ತಿತ್ತು, ಅತ್ತಲಿಂದ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಬರುತ್ತಿತ್ತು. ಅದರ ಹಾಲಿಗೆ ತುಟಿಯೆಲ್ಲ ಅಂಟಿಕೊಂಡು ನಾನೂ ಗೆಳತಿ ವನಿತಾಳೂ ಬಿದ್ದು ಬಿದ್ದು ನಗುತ್ತಿದ್ದೆವು.

ಆ ಬೇಸಿಗೆಯಲ್ಲೇ ಸುದ್ದಿ ಬಂತು. ಪಾಡಾದ ಮೇಲೆ ರಸ್ತೆಯಂತೆ, ಉಳಿದ ಜಾಗ ಬಿಲ್ಡರನಿಗಂತೆ. ವನಿತಾಳ ಅಜ್ಜಿ, ನಮಗೆಲ್ಲ ಆಜಿ, ಸುತ್ತಲಿನ ಪಾಡಾಗಳ ಹೆಂಗಸರನ್ನು ಹುಣಸೆಮರದ ಕೆಳಗೆ ಕೂಡಿಸಿದಳು. "ಈ ಮರ ನನ್ನ ಅತ್ತೆಯ ಅತ್ತೆ ನೆಟ್ಟದ್ದು. ಆಗ ಎಲ್ಲಿತ್ತೋ ನಿಮ್ಮ ಕಂಪನಿ?" ಎಂದು ಮರಾಠಿಯಲ್ಲಿ ಅವಳು ಗುಡುಗಿದರೆ ಅಳತೆಗೆ ಬಂದ ಸಾಹೇಬರು ಟೇಪು ಸುತ್ತಿಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಅಪ್ಪನೂ ಕೂತು ಕೈಯೆತ್ತಿ ಘೋಷಣೆ ಕೂಗುತ್ತಿದ್ದ.

ಮಳೆಗಾಲದಲ್ಲಿ ಮನೆ ಕೆಡವುವುದಿಲ್ಲ, ಅದು ಮುಂಬಯಿಯ ರೂಢಿ. ಮಳೆ ಬೀಳುವತನಕ ತಡೆದರೆ ಸಾಕು, ಅಷ್ಟರಲ್ಲಿ ಕೋರ್ಟಿನಿಂದ ಸ್ಟೇ ತರಬಹುದು ಎಂಬುದೇ ಎಲ್ಲರ ಆಸೆ. ದೊಡ್ಡವರು ಮೋಡ ನೋಡುತ್ತಿದ್ದರು, ನಾವು ಮೋರ್ಚಾ ಆಟ ಆಡುತ್ತಿದ್ದೆವು. ಪೊಲೀಸ್ ಆಗಲು ಯಾರೂ ಒಪ್ಪುತ್ತಿರಲಿಲ್ಲ.

"ನೀನು ಹೊರಗಿನವಳು, ನೀನೇ ಪೊಲೀಸ್," ಎನ್ನುತ್ತಿದ್ದಳು ವನಿತಾ.

"ದಿನಾ ನಾನೇನ? ಹೋಗ, ನಾ ಆಡಂಗಿಲ್ಲ," ಎಂದು ಸಿಟ್ಟಾಗಿ ಮನೆಗೆ ಬರುತ್ತಿದ್ದೆ.

ಒಂದು ಬೆಳಿಗ್ಗೆ ನಿಜವಾದ ಪೊಲೀಸರು ಬಂದರು. ಹೆಂಗಸರು ಕೈಗೆ ಕೈ ಹೆಣೆದು ದಾರಿಗೆ ಅಡ್ಡ ಮಲಗಿದರು. ಅವರನ್ನು ಎಳೆದೆಳೆದು ವ್ಯಾನಿಗೆ ತುಂಬಿದರು. ಮುದುಕಿ ಎಂದು ಆಜಿಯನ್ನು ಮಾತ್ರ ಬಿಟ್ಟರು. ಆಮೇಲೆ ದೂಳೆಬ್ಬಿಸುತ್ತ ಜೆಸಿಬಿ ಬಂತು. ಅದರ ಮೇಲೆ ಅಪ್ಪನಿದ್ದ. ಕುರ್ಲಾದಲ್ಲಿ ಕೆಲಸವಿದೆ ಎಂದು ಮನೆಯಿಂದ ಹೋದವನನ್ನು ಇಲ್ಲಿಗೆ ತಿರುಗಿಸಿದ್ದರು.

ವನಿತಾ ನನ್ನ ಕೈ ಬಿಟ್ಟಳು.

ಅಪ್ಪ ಕೀಲಿ ತಿರುಗಿಸಿ ಎಂಜಿನ್ ಆರಿಸಿ ಕೆಳಗಿಳಿದ. "ನಹೀ ಕರೂಂಗಾ ಸಾಬ್," ಎಂದ. ಸೂಪರ್‌ವೈಸರ್ ಬೈಯಲೂ ಇಲ್ಲ. ಫೋನು ಹಚ್ಚಿ ಬೇರೆ ಡ್ರೈವರನನ್ನು ಕರೆದ. ನನ್ನ ಎದೆ ಉಬ್ಬಿತ್ತು. ಎಂಥ ಹುಚ್ಚು! ಅಪ್ಪ ಇಳಿದರೆ ಪಾಡಾ ಉಳಿಯಿತು ಎಂದುಕೊಂಡಿದ್ದೆ.

ಆಗ ಆಜಿ ಅಪ್ಪನ ಹತ್ತಿರ ಬಂದಳು.

"ಹತ್ತು. ನೀನೇ ಹತ್ತು," ಎಂದಳು. "ಒಳಗೆ ಇನ್ನೂ ಮುದುಕರಿದ್ದಾರೆ, ತೊಟ್ಟಿಲಲ್ಲಿ ಕೂಸುಗಳಿವೆ. ಕಣಜದಲ್ಲಿ ಬಿತ್ತನೆಯ ಭತ್ತವಿದೆ. ಬರುವವನು ಯಾರಿಗೂ ಕಾಯುವುದಿಲ್ಲ. ನೀನಾದರೆ ಕಾಯುತ್ತೀ."

ಅಪ್ಪನಿಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯೂ ಮರೆತುಹೋಯಿತು. "ಒಲ್ಲೆ ಯವ್ವಾ, ನನ್ನ ಕೈಲೆ ಆಗೂದಿಲ್ಲ," ಎಂದು ಕನ್ನಡದಲ್ಲೇ ಅತ್ತ. ಯಾವ ಸಾಹೇಬನಿಗೂ ತಲೆ ಬಾಗದ ಆಜಿ ಅಪ್ಪನಿಗೆ ಕೈ ಮುಗಿದಳು.

ಅವನು ಹತ್ತಿದ. ಪ್ರತಿ ಮನೆಯ ಮುಂದೆ ಗಾಡಿ ನಿಲ್ಲಿಸಿ, ಕಡೆಯ ಪಾತ್ರೆ ಹೊರಬರುವತನಕ ಸೂಪರ್‌ವೈಸರನ ಬೈಗುಳ ತಿನ್ನುತ್ತ ಕೂತ. ಆಮೇಲೆ ಗೋಡೆ ಕೆಡವಿದ. ನಾವು ಮಕ್ಕಳು ಕೋಳಿ, ಬುಟ್ಟಿ, ಹಾಸಿಗೆ ಹೊತ್ತು ಹೊರಗೆ ಸಾಗಿಸಿದೆವು. ವನಿತಾ ನನ್ನ ಪಕ್ಕದಲ್ಲೇ ಓಡಾಡಿದರೂ ಒಂದು ಮಾತಾಡಲಿಲ್ಲ. ಸಂಜೆಗೆ ಪಾಡಾ ಬಯಲಾಗಿತ್ತು. ಆ ವಾರವೇ ಮಳೆ ಸುರಿಯಿತು. ಥೂ, ಯಾರಿಗೆ ಬೇಕಿತ್ತು ಆ ಮಳೆ!

ಈಗ ಪಾಡಾದ ಜನ ಬೇರೆ ಬೇರೆ ಬಿಲ್ಡಿಂಗುಗಳಲ್ಲಿ, ಬೇರೆ ಬೇರೆ ಮಾಳಿಗೆಗಳಲ್ಲಿ ಚದುರಿಹೋಗಿದ್ದಾರೆ. ಕರೆದರೆ ಕೂಡಲು ಒಂದು ಅಂಗಳವಿಲ್ಲ, ಕರೆಯಲು ಆಜಿಯೂ ಇಲ್ಲ. ಒಮ್ಮೆ ದಾದರಿನ ಸೇತುವೆಯ ಮೇಲೆ ವನಿತಾ ಕಂಡಳು. ತನ್ನ ಮಗನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ನಿಲ್ಲಲಿಲ್ಲ. ಅಂಥ ಗೆಳತಿ ನನಗೆ ಮತ್ತೆ ಸಿಕ್ಕಿಲ್ಲ.

ಮೊನ್ನೆ ಅಪ್ಪನನ್ನು ಕೇಳಿಯೇಬಿಟ್ಟೆ, "ಅವತ್ತ ಓಡಿಹೋಗಬೇಕಿತ್ತಲ್ಲಪ್ಪಾ?"

ಅಪ್ಪ ಹೇಳಿದ: "ಬ್ಯಾರೆ ಯಾವನರೆ ಕೆಡವಿದ್ದರ ಆ ಮಂದಿ ಅವಗ ಬೈಕೋತರೆ ಇರ್ತಿತ್ತು, ಮಗಳ. ಅವರ ಮನಷ್ಯಾ ಆಗಿ ನಾ ಕೆಡವಿದೆ. ಬೈಯಾಕೂ ಅವರಿಗೆ ಯಾರೂ ಇಲ್ದಂಗ ಮಾಡಿದೆ."