ಎಣ್ಣೆ ಕುಡಿದ ಕಲ್ಲು

ಅಪ್ಪ ನಮ್ಮ ಮನೆಗೆ ಕಲ್ಲು ಹಾಸಿದಾಗ ನನಗೆ ಒಂಬತ್ತು ವರ್ಷ. ಅದಾಗಿ ಈಗ ಐವತ್ತೆಂಟು ವರ್ಷ ಆಯಿತು. ಮೇ ತಿಂಗಳ ಮಧ್ಯಾಹ್ನ ನಮ್ಮ ಬಿಲ್ಡಿಂಗಿನ ಮೇಲಿನ ನೀರಿನ ಟಾಕಿ ತುಂಬಿ ಚೆಲ್ಲಿದರೆ ನೀರು ಕೆಳಗೆ ಪಂಪಿನ ಕೋಣೆಯ ಮುಂದೆ ಹಾಸಿದ ಶಹಾಬಾದ ಕಲ್ಲಿನ ಮೇಲೆ ಬೀಳುತ್ತದೆ. ಕಾದ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆ ಅಲ್ಲ. ಅದನ್ನು ಎಲ್ಲರೂ ಹೊಗಳುತ್ತಾರೆ. ಇದು ಬೇರೆ. ಸುಣ್ಣ, ಹೊಸ ಗಡಿಗೆ, ಆರಿದ ಒಲೆಯ ಮೇಲಿನ ಹಂಚು, ಎಲ್ಲ ಸೇರಿದಂಥ ವಾಸನೆ. ನಮ್ಮ ಎರಡನೇ ಮಾಳಿಗೆಯ ಕಿಟಕಿಯವರೆಗೂ ಬರುತ್ತದೆ. ಬಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನಿಲ್ಲುತ್ತೇನೆ. ಅಜ್ಜಿ, ಕ್ಯಾ ದೇಖ್ ರಹೀ ಹೋ ಎಂದು ಮೊಮ್ಮಗಳು ಕೇಳುತ್ತಾಳೆ. ನೋಡುವುದೇನಿಲ್ಲ, ಮೂಸುತ್ತಿರುತ್ತೇನೆ. ನಿಮಗೂ ಇಂಥದೊಂದು ಇದ್ದೀತು. ಆ ಮನೆ ಇರುವುದಿಲ್ಲ, ವಾಸನೆ ಮಾತ್ರ ಇರುತ್ತದೆ.

ಮುಂಬಯಿಯಲ್ಲಿ ಜೋಗೇಶ್ವರಿಯ ಗುಡ್ಡದ ಬದಿಗೆ, ಸಣ್ಣ ಸಣ್ಣ ಕಾರಖಾನೆಗಳ ಹಿಂದೆ ನಮ್ಮದೊಂದು ಖೋಲಿ ಇತ್ತು, ಒಂದೇ ಕೋಣೆಯ ಮನೆ. ಸುತ್ತ ತಗಡು, ಮೇಲೆ ಪತ್ರಾ, ಕೆಳಗೆ ಮಣ್ಣು. ಗುಡ್ಡದ ನೀರು ಒಳಗೊಳಗೇ ಜಿನುಗಿ ನೆಲ ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗಾಗಿತ್ತು. ತಾಟು ಇಟ್ಟರೆ ಸಾರು ಒಂದೇ ಅಂಚಿಗೆ ಓಡುತ್ತಿತ್ತು. ಅದರಲ್ಲಿ ನಾವು ನಾಲ್ವರು: ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ. ಅತ್ತಿ ಸಣ್ಣ ವಯಸ್ಸಿಗೇ ಗಂಡ ಸತ್ತವಳು. ತಾಯಿಯಿಲ್ಲದ ಅಪ್ಪನನ್ನು ಬೆಳೆಸಿದವಳು ಅವಳೇ ಆದ್ದರಿಂದ ಮನೆಯಲ್ಲಿ ಅವಳ ಮಾತೇ ಕಡೆಯದು. ಓಣಿಯ ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಅಪ್ಪ ಫರಸಿ, ಅಂದರೆ ನೆಲದ ಕಲ್ಲು, ಹಾಸುವವನು. ನಮ್ಮ ಶಹಾಬಾದ ಕಡೆಯ ಕಲ್ಲು ರೈಲು ಹತ್ತಿ ಮುಂಬಯಿಗೆ ಬಂತು, ಅದರ ಹಿಂದೆಯೇ ಅದನ್ನು ಹಾಸುವವರೂ ಬಂದರು. ಅಪ್ಪ ಹಾಗೆ ಬಂದವನು. ಮಂದಿಯ ಮನೆಗೆಲ್ಲ ನೆಲ ಹಾಸಿ, ಸಂಜೆ ಬಂದು ನಮ್ಮ ಉಬ್ಬುತಗ್ಗಿನ ಮೇಲೆ ಚಾಪೆ ಬಿಡಿಸಿ ಮಲಗುತ್ತಿದ್ದ. ಅದರಲ್ಲಿ ನಮಗೆ ಯಾರಿಗೂ ಏನೂ ಅನ್ನಿಸಿರಲಿಲ್ಲ. ಅವ್ವ ಎಮ್ಮೆಗಳ ತಬೇಲೆಯಿಂದ ಸಗಣಿ ತಂದು ಸಾರಿಸುತ್ತಿದ್ದಳು, ಅಷ್ಟೇ.

ಆ ವರ್ಷ ಚಳಿಗಾಲದಲ್ಲಿ ಅವ್ವ ಬಿದ್ದಳು. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ಹಲಗೆ ಏರುವಾಗ ಹಲಗೆ ಸರಿಯಿತು. ಬಹಳ ಎತ್ತರವೇನಲ್ಲ, ಆದರೆ ಬೆನ್ನು ಅಡಿಯಾಗಿ ಬಿದ್ದಳು. ದವಾಖಾನೆಯಲ್ಲಿ ಹೇಳಿ ಕಳಿಸಿದ್ದು ಇಷ್ಟು: ಬಗ್ಗಬಾರದು, ಭಾರ ಎತ್ತಬಾರದು, ಗಟ್ಟಿ ಸಪಾಟು ಜಾಗದಲ್ಲಿ ಬೆನ್ನು ಚಾಚಿ ಮಲಗಬೇಕು. ನಮ್ಮ ಮನೆಯಲ್ಲಿ ಸಪಾಟಾದದ್ದೆಂದರೆ ರೊಟ್ಟಿಯ ಹಂಚು ಒಂದೇ. ಅವ್ವ ಗೋಡೆ ಹಿಡಿದು ಹೊರಗೆ ಹೋಗಿ ಬರುವಷ್ಟಾದಳು, ಅದಕ್ಕಿಂತ ಹೆಚ್ಚಾಗಲಿಲ್ಲ. ನನ್ನ ಸಾಲೆ ಮೂರನೇ ಇಯತ್ತೆಗೆ ನಿಂತಿತು. ಅತ್ತಿ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳಿಗೂ ವಯಸ್ಸಾಗಿತ್ತು, ಇದ್ದದ್ದು ಎರಡೇ ಕೈ. ಒಂದು ದಿನ ಅವ್ವನಿಗೆ ಕೇಳುವ ಹಾಗೆಯೇ ಅಪ್ಪನಿಗೆ ಹೇಳಿದಳು: ಊರಿಗೆ ಕಳಿಸು, ಅಲ್ಲಿ ಅವಳ ತಾಯಿ ಇದ್ದಾಳೆ, ಗಟ್ಟಿ ನೆಲ ಇದೆ, ಇಲ್ಲಿ ತಗ್ಗಿನಲ್ಲಿ ಮಲಗಿ ಇನ್ನಷ್ಟು ಕೆಡುತ್ತಾಳೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಕ್ಕನಿಗೆ ಎದುರು ಮಾತಾಡಿ ಅವನಿಗೆ ಗೊತ್ತಿರಲಿಲ್ಲ. ಊರಿಗೆ ಹೊರಟವರೊಬ್ಬರ ಕೈಯಲ್ಲಿ ಅತ್ತಿಯೇ ಹೇಳಿ ಕಳಿಸಿದಳು, ಬೇಸಿಗೆಯಲ್ಲಿ ಅವ್ವನ ತಮ್ಮ ಬಂದು ಕರೆದುಕೊಂಡು ಹೋಗಲಿ ಎಂದು. ನನ್ನನ್ನು ಮಾತ್ರ ಇಲ್ಲಿಯೇ ಇಟ್ಟುಕೊಳ್ಳುವುದು. ನೀರು ತರುವವರು ಬೇಕಲ್ಲ. ಆ ಸಂಜೆ ಅವ್ವ ಗೋಡೆಗೆ ಒರಗಿ ನನ್ನ ಜಡೆ ಹಾಕುತ್ತ ಕಿವಿಯ ಹತ್ತಿರ ಹೇಳಿದಳು.

"ಹ್ವಾದ್ರ ಅಲ್ಲೇ ಆತು ನೋಡು ನಂದು. ಬೆನ್ನು ಮುರದಾಕಿಗಿ ತಿರಗಿ ಯಾರ ತಂದು ಬಿಡ್ತಾರ ಬೊಂಬಾಯಿಗಿ?"

ಮುಂದಿನ ವಾರದಿಂದ ಅಪ್ಪ ಕಲ್ಲು ತರತೊಡಗಿದ. ಕೆಲಸದಲ್ಲಿ ಮೂಲೆ ಒಡೆದದ್ದು, ಸೀಳು ಬಿಟ್ಟದ್ದು, ಬಣ್ಣ ಕೂಡದ್ದು ಎಂದು ಪಕ್ಕಕ್ಕೆ ಹಾಕಿದವನ್ನು ಮುಕಾದಮನಿಗೆ ಕೇಳಿಯೇ ತಲೆಯ ಮೇಲೆ ಹೊತ್ತು ತರುತ್ತಿದ್ದ. ಕೆಲವು ಬೂದಿ ಬಣ್ಣ, ಕೆಲವು ಹಸಿರುಗಪ್ಪು. ಇವನ್ನೇನು ಉಪ್ಪಿನಕಾಯಿ ಹಾಕುತ್ತೀಯಾ ಎಂದು ಅತ್ತಿ ಕೇಳಿದಳು. ಅಪ್ಪ ನಕ್ಕ. ಒಂದು ಆದಿತ್ಯವಾರ ಹಿಂದಿನ ಗೋಡೆಯ ಕಡೆಯ ಅರ್ಧ ನೆಲ ಅಗೆದು, ಸಿಮೆಂಟಿನ ಮಾಲು ಕಲಸಿ, ದಾರ ಹಿಡಿದು ಹಾಸಿದ. ಹಿಂದಿನ ಗೋಡೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಸರಿಯುತ್ತ ಬರುವುದು ಆ ಕೆಲಸದ ಪದ್ಧತಿ. ಇಲ್ಲದಿದ್ದರೆ ಹಾಸುವವನೇ ಒಳಗೆ ಸಿಕ್ಕಿಕೊಳ್ಳುತ್ತಾನೆ. ಅದು ಆರುವ ತನಕ ಬಾಜೂಮನೆಯ ಮರಾಠಿ ಮಾವಶಿ ನಮ್ಮೆಲ್ಲರನ್ನೂ ತನ್ನಲ್ಲಿ ಮಲಗಿಸಿಕೊಂಡಳು. ಆಮೇಲೆ ಅವ್ವನನ್ನು ತಂದು ಆ ಕಲ್ಲಿನ ಮೇಲೆ, ಹಿಂದಿನ ಕಿಂಡಿಯ ಕೆಳಗೆ ಮಲಗಿಸಿದೆವು. ಬಾಗಿಲ ಕಡೆಯ ಅರ್ಧ ಮಣ್ಣಾಗಿಯೇ ಉಳಿಯಿತು. ಅದಕ್ಕೂ ಕಲ್ಲು ಸಾಕಷ್ಟು ಕೂಡಿತ್ತು, ಹೊರಗೆ ಪೇರಿಸಿಟ್ಟಿತ್ತು. ಅಪ್ಪ ಮುಟ್ಟಲಿಲ್ಲ. ನಾಳೆ ಅಂದ, ನಾಡಿದ್ದು ಅಂದ. ಹಾಗೇ ಬೇಸಿಗೆ ಬಂತು, ಮಾವ ಬರುವ ದಿನವೂ ಬಂತು.

ಆ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಅತ್ತಿ ನಳದ ಸಾಲಿಗೆ ಹೋದದ್ದೇ ತಡ, ಒಲೆ ಪಾತ್ರೆ ಎಲ್ಲ ಹೊರಗೆ ಇಡು ಎಂದು ನನಗೆ ಹೇಳಿ ಉಳಿದ ಅರ್ಧಕ್ಕೆ ಕೂತ. ಅತ್ತಿ ಬಂದು ಕೊಡ ಇಳಿಸಿ ನೋಡುವ ಹೊತ್ತಿಗೆ ಕೆಲಸ ನಡುವಿನವರೆಗೆ ಬಂದಿತ್ತು. ಇವತ್ತೇ ಆಗಬೇಕಿತ್ತಾ ನಿನಗೆ ಎಂದಳು. ಇವತ್ತೇ ಪುರುಸೊತ್ತು ಸಿಕ್ಕಿತು ಅಂದ ಅಪ್ಪ. ಬಿಸಿಲು ಏರುವಷ್ಟರಲ್ಲಿ ಹೊಸ್ತಿಲಿಗೆ ಬಂದು, ಕಡೆಯ ಕಲ್ಲನ್ನು ಕಟ್ಟಿಗೆಯ ಕೊಡತಿಯಿಂದ ತಟ್ಟಿ ಕೂಡಿಸಿ, ಕೈ ತೊಳೆದು, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಆ ತುದಿಗೆ ಅವ್ವ, ಈ ತುದಿಗೆ ಅಪ್ಪ, ನಡುವೆ ಹಸಿ ನೆಲ. ಮಾವ ಸ್ಟೇಷನ್ನಿನಿಂದ ನಡೆದು ಬಂದವನು ಚೀಲ ಹಿಡಿದೇ ಒಳಗೆ ಕಾಲಿಡಲು ಹೋದ. ಅಪ್ಪ ಕೈ ಅಡ್ಡ ಚಾಚಿದ.

"ಹಸಿ ಅದ. ಕಾಲಿಟ್ರ ಕಲ್ಲು ಕುಸೀತಾವ."

"ಮತ್ತ ನಮ್ಮಕ್ಕ ಒಳಗದಾಳಲ್ಲ?"

"ಒಳಗೇ ಅದಾಳ."

"ರಾತ್ರಿ ಗಾಡಿಗಿ ಹೋಗಬೇಕಲ್ಲ ನಾವು."

"ನೀ ಹೋಗು. ಇದು ಆರಲಾಕ ಇನ್ನ ಎರಡು ದಿನ ಬೇಕು."

ಅತ್ತಿ ಸುಮ್ಮನಿರಲಿಲ್ಲ. "ಒಂದು ಹಲಗಿ ಹಾಕೋ ತಮ್ಮಾ, ಅದರ ಮ್ಯಾಲಿಂದ ದಾಟಿಸಿದ್ರಾತು" ಎಂದಳು.

ಅಪ್ಪ ಬೀಡಿ ಕೆಳಗಿಟ್ಟ. "ಹಲಗಿ ಮ್ಯಾಲಿಂದೇ ಬಿದ್ದಾಳ ಅಕಿ. ಮತ್ತೊಮ್ಮಿ ಹಲಗಿ ಹತ್ಸಂಗಿಲ್ಲ ನಾ."

ಅಕ್ಕನಿಗೆ ಅವನು ಎದುರು ಹೇಳಿದ ಮೊದಲ ಮಾತು ಅದು. ಅವಳು ಓಣಿಯಲ್ಲೇ ಒಲೆ ಹೂಡಿ ಹಿಟ್ಟು ನಾದಲು ಕೂತಳು. ಅಪ್ಪ ಬೇಕೆಂದೇ ಆ ದಿನದವರೆಗೆ ಉಳಿಸಿಕೊಂಡಿದ್ದನೇ ಎಂದು ನಾನು ಯಾವತ್ತೂ ಕೇಳಲಿಲ್ಲ, ಕೇಳುವುದು ಬೇಕಾಗಿಯೂ ಇರಲಿಲ್ಲ. ನಾನು ರೊಟ್ಟಿ ಹಿಡಿದು ಗಟಾರದ ಬದಿಯಿಂದ ಹಿಂದೆ ಹೋಗಿ ಕಿಂಡಿಯಲ್ಲಿ ಕೊಟ್ಟೆ. ಅವ್ವನ ಮಿಕ್ಕ ಅಗತ್ಯಕ್ಕೆ ಏನು ಮಾಡಿದಿರಿ ಎಂದು ಹೆಂಗಸರು ಯಾರಾದರೂ ಕೇಳಬಹುದು: ತಗಡಿನ ಡಬ್ಬಿ ಇತ್ತು, ಕಿಂಡಿ ಇತ್ತು, ನಾನಿದ್ದೆ. ಮಾವಶಿಯೂ ಬಂದು ಕಿಂಡಿಯಲ್ಲಿ ಇಣುಕಿ, ನಿನ್ನ ಗಂಡ ಕೋಟೆ ಕಟ್ಟಿ ಕಂದಕ ತೋಡಿದ್ದಾನಲ್ಲೇ ರಾಣಿ ಎಂದು ಚೇಷ್ಟೆ ಮಾಡಿದಳು. ಅವ್ವ ನಕ್ಕಳು. ಬಿದ್ದ ಮೇಲೆ ನಕ್ಕಿರಲಿಲ್ಲ. ನಕ್ಕರೆ ಬೆನ್ನು ನೋಯುತ್ತಿತ್ತು, ಒಂದು ಕೈಯಿಂದ ಸೊಂಟ ಹಿಡಿದುಕೊಂಡೇ ನಕ್ಕಳು. ಮಾವ ಓಣಿಯಲ್ಲಿ ಕೂತು ಉಂಡ, ಕಿಂಡಿಯಲ್ಲಿ ಅಕ್ಕನನ್ನು ಮಾತಾಡಿಸಿದ, ಖಾಲಿ ಕೈಯಲ್ಲಿ ರಾತ್ರಿ ಗಾಡಿಗೆ ಹೋದ. ಅವನನ್ನು ಮತ್ತೆ ಯಾರೂ ಕರೆಸಲಿಲ್ಲ.

ಆಮೇಲಿನ ದಿನಗಳನ್ನು ಸುಖದ ದಿನಗಳೆಂದರೆ ನನ್ನ ಮಗಳು ನಗುತ್ತಾಳೆ. ಪತ್ರಾ ಕಾದು ಮಧ್ಯಾಹ್ನ ಮನೆ ಹಂಚಾಗುತ್ತಿತ್ತು. ಆಗ ನಾನು ಒಂದು ಕೊಡ ನೀರು ನೆಲಕ್ಕೆ ಸುರಿದು ಕಸಬರಿಗೆಯಿಂದ ಬಳಿದು ಬಾಗಿಲಾಚೆ ತಳ್ಳುತ್ತಿದ್ದೆ. ಕಲ್ಲು ನೀರು ಕುಡಿದು ಕಪ್ಪಾಗಿ, ಆ ವಾಸನೆ ಬಿಡುತ್ತಿತ್ತು. ಅದು ಆರುವ ಮೊದಲೇ ನಾನು ಲಂಗ ಮಡಚಿ ಕೆನ್ನೆ ಒತ್ತಿ ಮಲಗುತ್ತಿದ್ದೆ. ಒಂದು ಕಡೆ ಬಿಸಿಯಾದರೆ ಪಕ್ಕದ ಕಲ್ಲಿಗೆ ಉರುಳುವುದು, ಅಲ್ಲಿಂದ ಅದರ ಪಕ್ಕದ್ದಕ್ಕೆ. ಮಾವಶಿ ತನ್ನ ಮನೆಯ ಕೆಲಸ ಮುಗಿಸಿ ಬಂದು ಕಾಯ್ ಗಾರ್ ಫರ್ಶೀ ಗ ಎನ್ನುತ್ತ ಕಾಲು ಚಾಚುತ್ತಿದ್ದಳು, ಎಷ್ಟು ತಂಪು ನಿಮ್ಮ ನೆಲ ಎಂದು. ಬಿಸಿರೊಟ್ಟಿ ಆರದೆ ಇರಲೆಂದು ಅರಿವೆಯಲ್ಲಿ ಸುತ್ತಿಟ್ಟಿರುತ್ತಿತ್ತು. ಜೊತೆಗೆ ಶೇಂಗಾ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ, ನೀರುಮಜ್ಜಿಗೆ. ತಾಟಿನಲ್ಲಿ ಈಗ ಸಾರು ಇಟ್ಟಲ್ಲೇ ನಿಲ್ಲುತ್ತಿತ್ತು. ಅವ್ವ ಬರೀ ಮಲಗಿರುವವಳಲ್ಲ. ಹತ್ತಿರದ ಕಾರಖಾನೆಯಿಂದ ಮಣಿ ತರಿಸಿಕೊಂಡು, ಎದೆಯ ಮೇಲೆ ತಾಟು ಇಟ್ಟು, ಮಲಗಿದಲ್ಲೇ ದಾರಕ್ಕೆ ಪೋಣಿಸುತ್ತಿದ್ದಳು. ಕೈತಪ್ಪಿದ ಮಣಿ ಉರುಳಿ ಮೂಲೆ ಸೇರುತ್ತಿರಲಿಲ್ಲ. ಕುಣಿದು ಅಲ್ಲೇ ಎಲ್ಲೋ ನಿಲ್ಲುತ್ತಿತ್ತು. ಸಂಜೆ ಅಪ್ಪ ಬಂದವನು ಮೊದಲು ಮಾಡುವ ಕೆಲಸ ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒಮ್ಮೆ ನಡೆದು ಬರುವುದು.

ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತಿ ಹರಳೆಣ್ಣೆ ಬೆಚ್ಚಗೆ ಮಾಡಿ ಅವ್ವನ ಬೆನ್ನಿಗೆ ತಿಕ್ಕುತ್ತಿದ್ದಳು. ಬೈಯುತ್ತಲೇ ತಿಕ್ಕುತ್ತಿದ್ದಳು. ಎಲುಬು ನೋಡು, ಉಂಡದ್ದೆಲ್ಲ ಎಲ್ಲಿ ಹೋಗುತ್ತದೆ, ಆ ಕಡೆ ಹೊರಳು, ಹೀಗೆ. ಆ ಎಣ್ಣೆ ಅವ್ವನ ಬೆನ್ನಿನಿಂದ ಕಲ್ಲಿಗೆ ಇಳಿಯುತ್ತಿತ್ತು. ಶಹಾಬಾದ ಕಲ್ಲಿಗೆ ಎಣ್ಣೆ ತಾಗಿದರೆ ಹೋಗುವುದಿಲ್ಲ. ಮೊದಲು ಅಂಗೈಯಷ್ಟು ಕಪ್ಪಾಯಿತು, ಆಮೇಲೆ ಮೊರದಷ್ಟು, ಕಡೆಗೆ ಭುಜದಿಂದ ಸೊಂಟದವರೆಗೆ ಅವ್ವ ಎಷ್ಟಿದ್ದಳೋ ಅಷ್ಟು. ಅತ್ತಿ ಅದಕ್ಕೂ ಬೈದಳು, "ನೀ ಕುಡದಷ್ಟೇ ಎಣ್ಣಿ ಇದೂ ಕುಡೀತದವಾ." ಅಪ್ಪನಿಗೆ ತನ್ನ ಕೈಯಿಂದ ಹಾಸಿದ ನೆಲ ಕಲೆಯಾಯಿತೆಂದು ಒಳಗೆ ಚುರುಕ್ಕೆಂದಿದ್ದೀತು.

ಆ ನೆಲ ಈಗ ಇಲ್ಲ. ಅಪ್ಪ, ಅತ್ತಿ ಹೋಗಿ ಎಷ್ಟೋ ವರ್ಷವಾದ ಮೇಲೆ ಬಿಲ್ಡರ್ ಬಂದ, ಓಣಿಯೆಲ್ಲ ಸಹಿ ಹಾಕಿತು, ನಾನೂ ಹಾಕಿದೆ. ಮಷೀನು ಬಂದು ಅಷ್ಟೂ ಖೋಲಿಗಳನ್ನು ಒಂದೇ ರಾಶಿ ಮಾಡಿತು. ಅದೇ ಜಾಗದಲ್ಲಿ ಎದ್ದ ಬಿಲ್ಡಿಂಗಿನಲ್ಲಿ ನನಗೂ ಒಂದು ಮನೆ ಸಿಕ್ಕಿದೆ. ನಳ ಒಳಗೇ ಇದೆ, ಸಂಡಾಸು ಒಳಗೇ ಇದೆ. ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೆಲಕ್ಕೆ ಬಿಳಿ ಟೈಲ್ಸು, ಹೊಳೆಯುತ್ತದೆ, ನೀರು ಸುರಿದರೆ ಜಾರುತ್ತದೆ, ವಾಸನೆ ಏನೂ ಬರುವುದಿಲ್ಲ. ಅಜ್ಜಿ, ಒಂದು ಪತ್ಥರ್ ಆದರೂ ತರಬೇಕಿತ್ತು ನ ಎಂದು ಮೊಮ್ಮಗಳು ಅನ್ನುತ್ತಾಳೆ. ತಂದು ಎಲ್ಲಿ ಇಡಲಿ? ಒಂದು ಕಲ್ಲು ಇಟ್ಟುಕೊಂಡರೆ ಅದು ನೆಲ ಆಗುವುದಿಲ್ಲ.

ಅವ್ವ ಆ ನೆಲದ ಮೇಲೆ ಎರಡು ಬೇಸಿಗೆ ಕಳೆದಳು. ಆಮೇಲಿನ ಮಳೆಗಾಲದಲ್ಲಿ ಕಾಮಾಲೆ ಆಯಿತು. ಓಣಿಯಲ್ಲಿ ಎಷ್ಟೋ ಮಂದಿಗೆ ಆಗಿತ್ತು, ಎದ್ದವರು ಎದ್ದರು. ಅವ್ವ ಏಳಲಿಲ್ಲ. ಒಂದು ಬೆಳಿಗ್ಗೆ ಹೋದಳು, ಮಲಗಿದ ಜಾಗದಲ್ಲೇ. ಜೀವ ಹೋಗುವವರನ್ನು ನೆಲಕ್ಕೆ ಇಳಿಸಿ ಮಲಗಿಸುವ ಕೆಲಸ ಯಾರಿಗೂ ಇರಲಿಲ್ಲ. ಅವಳನ್ನು ಒಯ್ದ ಮೇಲೆ ಮನೆ ತೊಳೆಯಬೇಕು. ನಾನು ನೀರು ತಂದು ತಂದು ಕೊಟ್ಟೆ, ಅತ್ತಿ ಸೆರಗು ಕಟ್ಟಿ ಸೋಡಾ ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತ ಬಾಗಿಲ ಕಡೆಯಿಂದ ಒಳಕ್ಕೆ ಹೋದಳು. ಕಿಂಡಿಯ ಕೆಳಗೆ ಬಂದು ಕೊಡ ಬಗ್ಗಿಸಿದಳು. ಬೇರೆ ಕಲ್ಲುಗಳು ನೀರು ಕುಡಿದವು, ಅಲ್ಲಿ ಮಾತ್ರ ಕುಡಿಯಲಿಲ್ಲ. ಹನಿಹನಿಯಾಗಿ ಮೇಲೆಯೇ ನಿಂತಿತು. ಅತ್ತಿ ನಾರು ಹಿಡಿದ ಕೈ ಹಾಗೇ ಇಟ್ಟುಕೊಂಡು ನೋಡಿದಳು. ಅಲ್ಲಿಯೂ ಸೋಡಾ ಹಾಕಬೇಕಾ ಎಂದು ನಾನು ಕೇಳಿದೆ.

"ಎಣ್ಣಿ ಹಚ್ಚಿದಾಕಿ ನಾನು," ಎಂದಳು. "ತೊಳಿಯಾಕಿ ನಾ ಅಲ್ಲ. ನೀರು ಸಾಕು, ಕೊಡ ಒಳಗ ಇಡು."

ಸಂಜೆ ಅಪ್ಪ ಮಸಣದಿಂದ ತಿರುಗಿ ಬಂದು ಕಾಲು ತೊಳೆದು ಒಳಗೆ ನಡೆದ. ಆ ಗೋಡೆಯವರೆಗೆ ಹೋಗಲಿಲ್ಲ, ನಡುವಿನಿಂದಲೇ ತಿರುಗಿದ. ಅತ್ತಿ ಆ ಕಲೆಯ ಪಕ್ಕದ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಮಾರನೆಯ ಬೆಳಿಗ್ಗೆ ನಾನು ನಳಕ್ಕೆ ಹೋಗಿ ಬಂದೆ. ಗೂಡಿನಲ್ಲಿ ಅವ್ವನ ಮಣಿಯ ತಾಟು ಇತ್ತು, ಅರ್ಧ ಪೋಣಿಸಿದ ಸರ ಸೂಜಿ ಸಮೇತ ಅದರಲ್ಲೇ ಇತ್ತು. ಕಾರಖಾನೆಯವರಿಗೆ ಕೊಡಬೇಕಾದ ಕೆಲಸ. ನಾನು ಕಿಂಡಿಯ ಕೆಳಗೆ ಹೋಗಿ ಆ ಕಪ್ಪಿನ ಮೇಲೆ ಬೆನ್ನು ಚಾಚಿ ಮಲಗಿದೆ. ನನಗೆ ಅದು ನಾಲ್ಕೂ ಕಡೆ ದೊಡ್ಡದಾಯಿತು. ತಾಟು ಎದೆಯ ಮೇಲೆ ಇಟ್ಟುಕೊಂಡು ಪೋಣಿಸತೊಡಗಿದೆ. ಅತ್ತಿ ರೊಟ್ಟಿ ಬಡಿಯುವುದು ಬಿಟ್ಟು ನೋಡಿದಳು, ಮತ್ತೆ ಬಡಿಯತೊಡಗಿದಳು. ಒಂದು ಮಣಿ ಕೈತಪ್ಪಿ ಬಿತ್ತು. ಕೈ ಚಾಚಿದೆ, ಅಲ್ಲೇ ಇತ್ತು. ಊಟದ ಹೊತ್ತಿಗೆ ಸರ ಮುಗಿಸಿ ಕಾರಖಾನೆಗೆ ಒಯ್ದು ಕೊಟ್ಟು ಬಂದೆ.