ಬೂಚು ಹೊಡೆದ ಡಬ್ಬಿಗಳು

ಚಂಪೂ, ನಿನ್ನ ಟೊಮೆಟೊ ಗಿಡಗಳನ್ನು ಕೆಡಿಸಿದವಳು ನಾನು. ಡಬ್ಬಿಗಳ ತಳದ ತೂತುಗಳಿಗೆ ಬೂಚು ಹೊಡೆದವಳು ನಾನು. ನಿನಗೆ ಹೇಳಬೇಕಾಗಿದ್ದದ್ದು ಈ ಒಂದೇ ಮಾತು — ನೀನು ಕೇಳಲಾರದಷ್ಟು ದೂರ ಹೋದ ಮೇಲೆ ಹೇಳುತ್ತಿದ್ದೇನೆ.

ನೀನು ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾಗಿ, ಬಾಗಲಕೋಟೆಯ ಕಡೆಯ ಗಂಡನ ಮನೆಯ ಹಳ್ಳಿ ಬಿಟ್ಟು, ಪುಣೆಗೆ ನಮ್ಮ ಮನೆಗೆ ಬಂದಿದ್ದೆ. ನಿನ್ನ ಅಣ್ಣ, ಅಂದರೆ ನನ್ನ ಮನೆಯವರು, ದಸರೆ ಕಳೆದ ಮೇಲೆ ನಿನ್ನನ್ನು ಹೆಣ್ಣುಮಕ್ಕಳ ಶಾಲೆಗೆ ಸೇರಿಸುವುದೆಂದು ಹಟ ಹಿಡಿದು ಅತ್ತೆಯವರನ್ನು ಒಪ್ಪಿಸಿದ್ದರು. ಅಲ್ಲಿಯವರೆಗೆ ನಿನಗೆ ಹೊತ್ತು ಹೋಗಲಿ ಎಂದು ಊರಾಚೆಯ ಖಡಕಿಯಿಂದ, ಯಾವುದೋ ಸಾಹೇಬನ ಬಂಗಲೆಯ ಮಾಲಿಯನ್ನು ಕೇಳಿ, ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಸೀಮೆಎಣ್ಣೆಯ ಖಾಲಿ ಡಬ್ಬಿಗಳಿಗೆ ನೀನೇ ಮೊಳೆ ಹೊಡೆದು ತೂತು ಮಾಡಿದೆ. ಮೇಲಂತಸ್ತಿನ ಮರದ ಗ್ಯಾಲರಿಯಲ್ಲಿ ಇಟ್ಟಂಗಿಗಳ ಮೇಲೆ ಸಾಲಾಗಿ ಇಟ್ಟೆ. ಸದಾಶಿವ ಪೇಠೆಯ ಆ ವಾಡೆಯಲ್ಲಿ ನಿನ್ನದು ಎನ್ನುವಂಥದ್ದು ಅವಷ್ಟೇ. ಅತ್ತೆಯವರಿಗೆ ಪರದೇಶದ ಆ ಹಣ್ಣಿನ ಹೆಸರೆತ್ತಿದರೇ ಮೈಲಿಗೆ. ಆದರೂ ನೀನು ನಗುವುದನ್ನು ನೋಡಿ ಸುಮ್ಮನಿದ್ದರು — ಹೆತ್ತ ಕರುಳು ತಾನೆ.

ಗ್ಯಾಲರಿಯ ಕೆಳಗೇ ಅವರ ಮಡಿ ಸೀರೆ ಒಣಗುವ ಕೋಲು ಇತ್ತು. ಹರವುವ ಕೆಲಸ ನನ್ನದು. ಒಂದು ಮುಂಜಾನೆ ನಿನ್ನ ಡಬ್ಬಿಯಿಂದ ಕೆಸರು ನೀರು ತೊಟ್ಟಿಕ್ಕಿ ಸೀರೆಯ ಮೇಲೆ ಬಿತ್ತು. ಮಡಿ ಕೆಟ್ಟಿತು. ಅವರು ಮತ್ತೆ ತಣ್ಣೀರು ಸುರಿದುಕೊಂಡರು, ಒಲೆಯ ಮೇಲಿದ್ದ ಅನ್ನವನ್ನೆಲ್ಲ ಚೆಲ್ಲಿಸಿದರು. ಇಡೀ ದಿನ ಬೈಗುಳ — ನಿನಗಲ್ಲ, ನನಗೆ. ನನ್ನ ಕಾಲ್ಗುಣ ಸರಿಯಿಲ್ಲ, ನಾನು ಬಂದ ಮೇಲೆ ಈ ಮನೆಯಲ್ಲಿ ಏನೂ ನೆಟ್ಟಗಾಗಲಿಲ್ಲ, ಬಸಿರು ಕೂಡ ನಿಲ್ಲಲಿಲ್ಲ... ಆ ಮಾತುಗಳು ನಿನಗೂ ಕೇಳಿಸುತ್ತಿದ್ದವು.

ನಾನು ಆಗ ಮತ್ತೆ ಬಸುರಿ. ಇನ್ನೊಮ್ಮೆ ಆ ಬೈಗುಳ ಕೇಳಲಾರೆ ಎನ್ನಿಸಿತು. ನೀನು ಹಿಂದಿನ ಗಲ್ಲಿಯ ಗುಡಿಗೆ ಹೋಗಿದ್ದಾಗ ಹಳೆಯ ಸೀರೆಯ ಚಿಂದಿಯನ್ನು ಮೇಣದಲ್ಲಿ ಅದ್ದಿ, ಇಟ್ಟಂಗಿಗಳ ಸಂದಿಯಿಂದ ಕೈ ತೂರಿಸಿ, ಒಂದೊಂದು ತೂತನ್ನೂ ಬಿಗಿಯಾಗಿ ಮುಚ್ಚಿದೆ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಇದು ನಿಜ. ಆದರೆ ಇದರ ಹಿಂದೆ ಅಡಗಿಕೊಳ್ಳುವುದಿಲ್ಲ — ಆಮೇಲೆ ನನಗೆ ಗೊತ್ತಾಯಿತು.

ಮೊದಲು ಕೆಳಗಿನ ಎಲೆಗಳು ಹಳದಿಯಾದವು. ಆಮೇಲೆ ತುದಿಗಳು ಜೋತುಬಿದ್ದವು. ನೀನು ಏನೆಲ್ಲ ಮಾಡಿದೆ! ಬಿಸಿಲಿನಿಂದ ಸರಿಸಿದೆ, ಮತ್ತೆ ಬಿಸಿಲಿಗೆ ತಂದೆ. ಹುಳ ಇರಬಹುದೆಂದು ಒಂದೊಂದು ಎಲೆಯನ್ನೂ ತಿರುವಿ ನೋಡಿದೆ. ಒಲೆಯ ಬೂದಿ ಉದುರಿಸಿದೆ. ಮಜ್ಜಿಗೆ ನೀರು ಚಿಮುಕಿಸಿದೆ. ಒಂದು ದಿನ ಬಗ್ಗಿ ಡಬ್ಬಿಯ ಕೆಳಗೆ ಅಂಗೈ ಹಿಡಿದು ನನ್ನನ್ನು ಕರೆದೆ.

"ವೈನಿ, ನೋಡ್ರಿ ಇಲ್ಲೆ. ಒಂದ ಹನಿನೂ ಕೆಳಗ ಬೀಳವಲ್ತು. ಎಷ್ಟ ಹಾಕಿದ್ರೂ ಕುಡದು ಬಿಡ್ತಾವ. ಪಾಪ, ಭಾಳ ನೀರಡಿಕಿ ಆಗೇದ ಅವಕ್ಕ."

ಹಾಗೆಂದು ಇನ್ನೊಂದು ತಂಬಿಗೆ ಸುರಿದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.

ನೀನು ಅತ್ತ ಹೋದ ಮೇಲೆ ಮಣ್ಣಿಗೆ ಬೆರಳು ಹಾಕಿ ನೋಡಿದೆ. ಮೇಲಿನ ನೀರು ಇಂಗಿದಂತಿದ್ದರೂ ಒಳಗೆಲ್ಲ ಕೆಸರು. ಬೆರಳಿಗೆ ಸಿಕ್ಕ ಬೇರಿನ ತುಣುಕು ಕಪ್ಪಾಗಿ, ಗಬ್ಬು ನಾರುತ್ತಿತ್ತು. ಆಗ ತಿಳಿಯಿತು. ಸಂಜೆ ಗುಟ್ಟಾಗಿ ಬೂಚು ಕಿತ್ತುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ನೀನು ಮರಳಿ ಬಂದೆ, ನಿನ್ನ ಹಿಂದೆಯೇ ಅತ್ತೆಯವರು ಮೇಲೆ ಹತ್ತಿ ಬಂದರು. ಬಾಡಿದ ಗಿಡಗಳನ್ನು ನೋಡಿದರು, ನಿನ್ನನ್ನು ನೋಡಿದರು, ಕೊನೆಗೆ ನನ್ನ ಹೊಟ್ಟೆಯನ್ನು.

"ಗಂಡನ್ನ ನುಂಗಿತು, ಈಗ ಗಿಡಾನೂ ನುಂಗಿತು ಈ ಕೈ. ಬಸುರಿ ಸೊಸಿ ಇರೋ ಮನ್ಯಾಗ ಇಕಿನ್ನ ಹ್ಯಾಂಗ ಇಟ್ಕೊಳ್ಳಲಿ ನಾ?"

ಹೇಳುತ್ತಾ ಅವರು ಅತ್ತರು. ನೀನು ನಿನ್ನ ಅಂಗೈಗಳನ್ನು ನೋಡಿಕೊಂಡೆ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ — ಯಾಕೆಂದರೆ, ಚಂಪೂ, ಆ ಮನೆಯಲ್ಲಿ ಮೊದಲ ಸಲ ಕೆಟ್ಟದ್ದರ ಹೊಣೆ ನನ್ನ ತಲೆಯಿಂದ ಇಳಿದಿತ್ತು. ನನಗೆ ಹಗುರವಾಯಿತು. ಹೌದು, ಹಗುರವಾಯಿತು.

ನಿನ್ನ ಅಣ್ಣ ಜಗಳವಾಡಿದರು, ಉಪವಾಸ ಕೂತರು. ಆದರೆ ಹುಟ್ಟಲಿರುವ ಕೂಸಿನ ಮಾತು ಬಂದಾಗ ಅವರೂ ಮೆತ್ತಗಾದರು. ಶಾಲೆಯ ಸುದ್ದಿ ನಿಂತುಹೋಯಿತು. ದಸರೆಗೆ ಮೊದಲೇ ನಿನ್ನನ್ನು ಮತ್ತೆ ಗಂಡನ ಮನೆಗೆ, ಕೂಲಿಯಿಲ್ಲದ ಆಳಿನ ಹಾಗೆ ದುಡಿಯಲು ಕಳಿಸಿದರು. ಹೊರಡುವಾಗ ನಿನ್ನನ್ನು ಅಪ್ಪಿಕೊಳ್ಳಲು ಬಂದೆ. ನೀನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದೆ.

"ನನ್ನ ಮುಟ್ಟಬ್ಯಾಡ್ರಿ, ವೈನಿ. ನಿಮ್ಮ ಕೂಸಿಗೆ ಏನರೆ ಆದೀತು."

ನೀನು ಹೋದ ಮರುದಿನ ಬೂಚುಗಳನ್ನೆಲ್ಲ ಕಿತ್ತೆ. ಕಪ್ಪು ನೀರು ಸುರಿಯಿತು. ಅದು ಸೀರೆಯ ಮೇಲೆ ಬೀಳಬಾರದೆಂದು ಮಡಿಯ ಕೋಲನ್ನು ಒಂದು ಮೊಳ ಆಚೆ ಸರಿಸಿದೆ. ಅಷ್ಟೇ. ಅತ್ತೆಯವರು ಗಮನಿಸಲೂ ಇಲ್ಲ. ಮೊದಲೇ ಹಾಗೆ ಮಾಡಿದ್ದರೆ ಸಾಕಿತ್ತು — ಒಂದು ಮೊಳ.

ಹೆಚ್ಚಿನ ಗಿಡಗಳು ಹೋದವು. ಒಂದು ಮಾತ್ರ ಚಿಗುರಿತು, ಹೂ ಬಿಟ್ಟಿತು, ಕಾಯಿ ಹಿಡಿಯಿತು. ಪ್ರಾಯಶ್ಚಿತ್ತ ಎಂದುಕೊಂಡು ನಾನು ಮಾಡಿದ ಆ ಕೆಲಸವೇ ನಿನಗೆ ಮುಳುವಾಯಿತು. "ನೋಡಿದ್ಯಾ? ಆಕಿ ಹೊಸ್ತಿಲಾ ದಾಟೋದ ತಡ, ಗಿಡ ಚಿಗಿತು," ಎಂದು ಅತ್ತೆಯವರು ಬಂದವರಿಗೆಲ್ಲ ತೋರಿಸಿದರು. ಊರ ಕಡೆ ಹೋಗುವವರ ಬಾಯಲ್ಲಿ ಆ ಸುದ್ದಿ ನಿನಗೂ ಮುಟ್ಟಿತು. ಮುಂದೆ ಆ ಹಳ್ಳಿಯಿಂದ ಬಂದ ಒಬ್ಬ ಹೆಂಗಸು ಹೇಳಿದಳು — ನೀನು ತುಳಸಿಗೂ ನೀರು ಹಾಕುತ್ತಿರಲಿಲ್ಲವಂತೆ. ಓಣಿಯ ಕೂಸುಗಳು ಎತ್ತಿಕೋ ಎಂದು ಬಂದರೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದೆಯಂತೆ. ಆ ವರ್ಷವೇ ಜ್ವರ ಬಂದು ನೀನು ಹೋದೆ. ಅದನ್ನು ನಂಬಿಕೊಂಡೇ ಹೋದೆ.

ಅತ್ತೆಯವರು ತೀರಿಕೊಂಡು ಬಹಳ ಕಾಲವಾಯಿತು. ಆವತ್ತು ಹೊಟ್ಟೆಯಲ್ಲಿದ್ದ ಮಗಳು ಈಗ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಆಕೆಗೆ ನೀನು ಗೊತ್ತಿರುವುದು ಕೈಗುಣ ಕೆಟ್ಟ ಸೋದರತ್ತೆಯಾಗಿ ಮಾತ್ರ. ನಿನ್ನ ಅಣ್ಣ ನಿನ್ನ ಹೆಸರೆತ್ತುವುದಿಲ್ಲ. ಹಿತ್ತಲಲ್ಲಿ ಯಾರಾದರೂ ಗಿಡ ನೆಟ್ಟರೆ ಮುಖ ತಿರುಗಿಸುತ್ತಾರೆ. ಅವರೂ ನಂಬಿಬಿಟ್ಟಿದ್ದಾರೆ, ಚಂಪೂ.

ಇವತ್ತು ಇಬ್ಬರನ್ನೂ ಕೂರಿಸಿಕೊಂಡು, ಊಟಕ್ಕೆ ಬಡಿಸುವ ಮೊದಲೇ ಹೇಳುತ್ತೇನೆ. ಆಮೇಲೆ ನಾನು ಬಡಿಸಿದ ಅನ್ನ ಉಣ್ಣದೆ ನಿನ್ನ ಅಣ್ಣ ಎದ್ದು ಹೋದರೆ ಹೋಗಲಿ. ಮಗಳು ತನ್ನ ಕೂಸನ್ನು ನನ್ನ ಕೈಗೆ ಕೊಡಲು ಹಿಂಜರಿದರೆ ಹಿಂಜರಿಯಲಿ.

ನಿನ್ನ ಕೈ ಒಳ್ಳೆಯದಿತ್ತು. ಆವತ್ತು ನೀನು ನನ್ನನ್ನು ಮುಟ್ಟಬಹುದಾಗಿತ್ತು.