ಹಗೇವಿನ ಬಾಯಿ ತೆಗೆದದ್ದು ಯಾವಾಗ

ಪಣಕಹಳ್ಳಿಯ ತಿರುವಿನಲ್ಲಿ ಕಾಡುಹಂದಿಯೊಂದು ನನ್ನ ಸ್ಕೂಟಿಗೆ ಅಡ್ಡ ಬಂತು. ಅದು ಏನೂ ಆಗದಂತೆ ಮುಸುಕಿನ ಜೋಳದೊಳಗೆ ನುಗ್ಗಿ ಹೋಯಿತು, ನನ್ನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಚಾಮರಾಜನಗರದಲ್ಲಿ ತೊಡೆಯವರೆಗೆ ಕಟ್ಟು ಹಾಕಿ, ಮೂರು ತಿಂಗಳು ಕಾಲು ಊರಬೇಡಿ ಎಂದು ಹೇಳಿ ಕಳಿಸಿದರು. ತಾಳವಾಡಿಯ ಶಾಲೆಯಲ್ಲಿ ಒಂದೇ ಕೂಗಿಗೆ ಒಂದು ತರಗತಿಯನ್ನು ಕೂರಿಸುತ್ತಿದ್ದ ನಾನು ಅಂಗಳದ ಚಪ್ಪರದಡಿ ಮಂಚ ಹಿಡಿದೆ. ಅಂಗಳವೇ ಯಾಕೆಂದರೆ ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ.

ಗಂಡ ಹಗಲು ಹೊಲದಲ್ಲಿ, ಕತ್ತಲಾದರೆ ಬೆಳೆಗೆ ನುಗ್ಗುವ ಆನೆ ಕಾಯಲು ಅಟ್ಟಣೆಯಲ್ಲಿ. ಹಗಲಿನಲ್ಲಿ ಮನೆಯಲ್ಲಿ ಉಳಿಯುತ್ತಿದ್ದವರು ಮೂವರು ಹೆಂಗಸರು: ನಾನು, ಅತ್ತೆ ಮತ್ತು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಊರಾಚೆಯ ಕಾಲೋನಿಯಿಂದ ನಲವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ಕೊಟ್ಟಿಗೆ ಬಾಚಲು ಬರುತ್ತಿದ್ದವಳು. ಅರವತ್ತು ದಾಟಿದ್ದರೂ ನನ್ನ ಕಂಕುಳಿಗೆ ಭುಜ ಕೊಟ್ಟು ಎತ್ತಿ, ಹಿತ್ತಲಿನ ಕಕ್ಕಸಿಗೆ ನಡೆಸಿಕೊಂಡು ಹೋಗಿ ತರುವ ಶಕ್ತಿ ಅವಳೊಬ್ಬಳಿಗೇ ಇತ್ತು. ಅತ್ತೆಯ ಮಂಡಿಗಳು ಅತ್ತೆಯನ್ನೇ ಹೊರುತ್ತಿರಲಿಲ್ಲ. ಅಕ್ಕ ಬರುವುದು ತಡವಾದ ದಿನ ನಾನು ನೀರು ಕುಡಿಯುವುದನ್ನೇ ಬಿಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನಗಳಲ್ಲಿ ನಾನು ಹೆದರುತ್ತಿದ್ದದ್ದು ಒಂದಕ್ಕೇ: ಇವಳು ಬರದೆ ಹೋದರೆ ನನ್ನ ಗತಿ ಏನು?

ಅಕ್ಕನ ಗಂಡ ಸತ್ತದ್ದು ನಮ್ಮ ಅಂಗಳದಲ್ಲೇ, ನಾನು ಸೊಸೆಯಾಗಿ ಬರುವುದಕ್ಕೂ ಎಷ್ಟೋ ವರ್ಷ ಮೊದಲು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನನ್ನ ಮಂಚದಿಂದ ಹತ್ತು ಹೆಜ್ಜೆಯಲ್ಲಿ ಒಂದು ಚಪ್ಪಡಿ ಕಲ್ಲಿದೆ, ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತೇವೆ. ಕೆಳಗಿರುವುದು ಹಗೇವು, ರಾಗಿ ತುಂಬಿಡುವ ನೆಲದೊಳಗಿನ ಕಣಜ. ಕತ್ತು ಕಿರಿದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ, ಆದರೆ ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಹಿಂದಿನ ದಿನವೇ ಬಾಯಿ ತೆಗೆದಿಟ್ಟು, ಮರುದಿನ ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಆಳು ಇಳಿಯಬೇಕು. ಅಕ್ಕನ ಗಂಡ ಇಳಿದವನು ಮೇಲೆ ಬರಲಿಲ್ಲ. ಹಿಂದಿನ ದಿನ ತೆಗೆದಿದ್ದರೂ ಗಾಳಿ ಹೋಗಿರಲಿಲ್ಲ, ಅವನ ಹಣೆಬರಹ ಎಂದು ಎಲ್ಲರೂ ಹೇಳುತ್ತಿದ್ದರು. ಈ ಮನೆಗೆ ಬಂದು ಇಪ್ಪತ್ತು ವರ್ಷವಾದ ನಾನೂ ಹಾಗೆಂದೇ ನಂಬಿದ್ದೆ.

ಮಲಗಿ ಮಲಗಿ ತಲೆ ಕೆಟ್ಟಿದ್ದ ನನಗೆ ನಮ್ಮ ಶಾಲೆಯ ಟೀಚರೊಬ್ಬರು ಫೋನಿನಲ್ಲಿ ಒಂದು ಗುಂಪು ತೋರಿಸಿದರು. ಮೈಸೂರು, ಹುಬ್ಬಳ್ಳಿ, ದುಬೈ ಎಂದು ಎಲ್ಲೆಲ್ಲಿಯೋ ಇರುವ ಕನ್ನಡದವರು, ಯಾರೂ ಯಾರ ಮುಖವನ್ನೂ ಕಂಡಿಲ್ಲ. ತಿಂಗಳಿಗೊಂದು ಸುಳ್ಳು ಕೊಲೆ. ಆಟ ನಡೆಸುವವರನ್ನು ಎಲ್ಲರೂ ಸೂತ್ರಧಾರರು ಎನ್ನುತ್ತಿದ್ದರು. ಅವರು ದಿನಾ ಮಧ್ಯಾಹ್ನ ನಾಲ್ಕಕ್ಕೆ ಒಂದು ಸುಳಿವು ಹಾಕುವರು, ಉಳಿದವರು ಕೂಡಿ ಗುದ್ದಾಡಿ ಕೊಲೆಗಾರನನ್ನು ಹಿಡಿಯಬೇಕು. ಒಬ್ಬರಿಗೆ ಒಂದೇ ಉತ್ತರ, ತಪ್ಪಿದರೆ ಆಟದಿಂದ ಹೊರಗೆ. ನನ್ನನ್ನು 'ಕಾಡಿನ ಟೀಚರ್' ಎಂದು ಕರೆದರು. ಮೊದಲ ತಿಂಗಳಿನದು ಒಂದು ಹೋಟೆಲಿನಲ್ಲಿ ನಡೆದ ಕೊಲೆ, ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿವೃತ್ತ ಬ್ಯಾಂಕಿನವರೊಬ್ಬರಂತೂ, ಆನೆ ಕಾಯುವ ಊರಿನವರಿಗೆ ಹೋಟೆಲಿನ ಕೊಲೆ ಹೇಗೆ ಗೊತ್ತಾಗಬೇಕು ಎಂದು ಬರೆದು ನಗುವ ಮುಖ ಬೇರೆ ಹಾಕಿದರು. ಎದ್ದು ಓಡಾಡುವ ಹಾಗಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲವೇನೋ. ಇವರಿಗೊಮ್ಮೆ ತೋರಿಸಲೇಬೇಕು ಎಂದು ಹಟ ಹುಟ್ಟಿತು.

ಎರಡನೇ ತಿಂಗಳ ಕತೆ ಓದುತ್ತಿದ್ದಂತೆ ನನ್ನ ಕಣ್ಣು ಚಪ್ಪಡಿಯ ಕಡೆ ಹೋಯಿತು. ಒಬ್ಬ ಗೌಡ ತನ್ನ ಮನೆಯ ಹಗೇವಿನ ತಳದಲ್ಲಿ ಸತ್ತು ಬಿದ್ದಿದ್ದಾನೆ. ಮೈಮೇಲೆ ಗಾಯವಿಲ್ಲ. ಇಳಿಯುವ ಮೊದಲು ಒಂದು ಲೋಟ ಮಜ್ಜಿಗೆ ಕುಡಿದಿದ್ದ. ಅನುಮಾನದ ಮೇಲಿರುವವರು ಹೆಂಡತಿ, ತಮ್ಮ, ಆಳು. ಬೇಡ, ಈ ಸಲ ಬಿಟ್ಟುಬಿಡೋಣ ಎಂದುಕೊಂಡೆ. ಆದರೆ ಗುಂಪಿನಲ್ಲಿ ಹಗೇವಿನ ಒಳಗನ್ನು ಕಂಡವರು ಒಬ್ಬರೂ ಇರಲಿಲ್ಲ. ನನ್ನ ಆಸೆ ದೊಡ್ಡದಾಯಿತು. ಅಕ್ಕ ಕೊಟ್ಟಿಗೆಯಲ್ಲೋ ಹಿತ್ತಲಲ್ಲೋ ಇರುವಾಗ ಮಾತ್ರ ಅತ್ತೆಗೆ ಓದಿ ಹೇಳುತ್ತಿದ್ದೆ.

ಗುಂಪು ಎಂಟು ದಿನ ಆ ಮಜ್ಜಿಗೆಯಲ್ಲೇ ಮುಳುಗಿತ್ತು. ಯಾವ ವಿಷ, ಎಷ್ಟು ಹೊತ್ತಿಗೆ ಏರುತ್ತದೆ, ಹೆಂಡತಿ ಎಲ್ಲಿಂದ ತಂದಳು ಎಂದು ಪುಟಗಟ್ಟಲೆ ಬರೆದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುವುದು ಇದಕ್ಕೇ. ಅತ್ತೆ ಅವರೆಕಾಯಿ ಸುಲಿಯುತ್ತಾ, "ಆ ಮಜ್ಗ ಎತ್ತಾಗಾದ್ರೂ ಚೆಲ್ಲಕ್ಕೇಳಮ್ಮಿ" ಎಂದು ನಗುತ್ತಿದ್ದರು.

ಒಂಬತ್ತನೇ ದಿನ ಸೂತ್ರಧಾರರು ಅಂಗಳದ ಚಿತ್ರವೊಂದನ್ನು ಹಾಕಿದರು. ಸಗಣಿ ಸಾರಿಸಿದ ನೆಲ, ಬಾಗಿಲ ಮುಂದಿನಿಂದ ಹಗೇವಿನವರೆಗೆ ದೊಡ್ಡ ರಂಗೋಲಿ, ಪಕ್ಕಕ್ಕೆ ಸರಿಸಿದ ಕಲ್ಲು. ಗೌಡನ ತಮ್ಮ ಹೇಳಿಕೆ ಕೊಟ್ಟಿದ್ದ: "ನಿನ್ನೆ ಸಂಜೆಯೇ ನಾನು ಬಾಯಿ ತೆಗೆದಿದ್ದೆ, ಧೈರ್ಯವಾಗಿ ಇಳಿ ಎಂದು ಅಣ್ಣನಿಗೆ ಹೇಳಿದೆ." ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಗೇವಿನ ಬಾಯಿಗೆ ಮೆತ್ತಿದ್ದ ಮಣ್ಣಿನ ಹೆಂಟೆಗಳು ರಂಗೋಲಿಯ ಎಳೆಗಳ ಮೇಲೆ ಬಿದ್ದಿದ್ದವು. ನಿನ್ನೆ ಸಂಜೆ ತೆಗೆದಿದ್ದರೆ ಬೆಳಗ್ಗೆ ಗುಡಿಸುವವಳು ಆ ಮಣ್ಣನ್ನು ಗುಡಿಸಿ, ಆಮೇಲೆ ಸಾರಿಸಿ, ರಂಗೋಲಿ ಇಡುತ್ತಿದ್ದಳು. ಬಾಯಿ ತೆಗೆದದ್ದು ರಂಗೋಲಿ ಇಟ್ಟ ಮೇಲೆ, ಅವತ್ತೇ. ಇದನ್ನು ತಿಳಿಯಲು ಪತ್ತೇದಾರಿಕೆ ಬೇಡ, ನಾಲ್ಕು ದಿನ ಅಂಗಳ ಗುಡಿಸಿದ್ದರೆ ಸಾಕು.

"ಅತ್ತೆ, ಸಿಕ್ಬುಟ್ಟ!" ಎಂದು ಕೂಗಿದೆ. "ಮಜ್ಗನೂ ಇಲ್ಲ, ವಿಷನೂ ಇಲ್ಲ. ನೆನ್ನೆ ತಗ್ದೆ ಅಂತ ಸುಳ್ಳು ಏಳ್ದನಲ್ಲ, ಅವ್ನೇ ಕೊಂದವ್ನು."

ಅತ್ತೆ ಸುಲಿಯುತ್ತಿದ್ದ ಕೈ ನಿಲ್ಲಿಸಿದರು. ನಾನು ಗೆದ್ದ ಸಂತೋಷದಲ್ಲಿ, "ಕುಂಬಳಕಾಯಿ ಕಳ್ಳ ಅಂದ್ರ ನೀವ್ಯಾಕ ಎಗಲು ಮುಟ್ಕತಿರಿ?" ಎಂದು ತಮಾಷೆ ಮಾಡಿದೆ. ಅವರು ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಸಂಜೆಯ ಕಾಫಿಗೂ ಬರಲಿಲ್ಲ.

ಉತ್ತರ ಸರಿಯಾಗಿತ್ತು. ಸೂತ್ರಧಾರರು ಚಪ್ಪಾಳೆಯ ಗುರುತುಗಳ ಸಾಲನ್ನೇ ಹಾಕಿದರು, ಬ್ಯಾಂಕಿನವರು ಕ್ಷಮೆ ಕೇಳಿದರು. ಎರಡು ತಿಂಗಳಲ್ಲಿ ಮೊದಲ ಸಲ ನನಗೆ ನಾನು ಮುರಿದ ಕಾಲಾಗಿ ಕಾಣಲಿಲ್ಲ. ಆ ಸಂತೋಷ ಒಂದು ರಾತ್ರಿಯಷ್ಟೇ ಇತ್ತು.

ಮರುದಿನ ಅಕ್ಕ ಹುಲ್ಲು ತರಲು ಹೋದ ಹೊತ್ತಿಗೆ ಅತ್ತೆ ಬಂದು ನನ್ನ ಮಂಚದ ಅಂಚಿಗೆ ಕೂತರು. ನನ್ನ ಕಡೆ ನೋಡದೆ, ಚಪ್ಪಡಿಯ ಕಡೆ ನೋಡಿಕೊಂಡು ಹೇಳಿದರು.

"ನಂಗಾಗ ಅತ್ತೊಂಬತ್ತು ವರ್ಸ. ನಮ್ಮತ್ತ ಒಂದಿನ ಮುಂಚೇನೇ ಏಳಿದ್ರು, ಅಗೇವಿನ ಬಾಯಿ ತಗ್ಸು ಅಂತ. ತವರಿಂದ ನಮ್ಮಣ್ಣ ಬಂದಿದ್ದ, ಆ ಸಂಭ್ರಮದಲ್ಲಿ ಮರ್ತ್ಬುಟ್ಟೆ. ವತ್ತಾರೆ ಗ್ಯಾಪ್ಕ ಬಂದು, ನಾನೇ ಆರೆ ತಕ್ಕಂಡು ಮಣ್ಣು ಕಿತ್ತೆ. ಅವ್ಳ ಗಂಡ ಬಂದು 'ಯಾವಾಗ ತಗುದ್ರಿ ಚಿಕ್ಕವ್ವಾರೆ' ಅಂದ. ನಮ್ಮತ್ತ ಅಲ್ಲೇ ನಿಂತಿದ್ರು. ನೆನ್ನ ಅಂದೆ. 'ನೆನ್ನೇನೇ ತಗ್ದಿದ್ರ ದೀಪ ಯಾಕ' ಅಂತ ಇಳ್ದ."

ನನಗೆ ಎದ್ದು ದೂರ ಹೋಗಬೇಕೆನ್ನಿಸಿತು. ಕಾಲು ಕಲ್ಲಿನಂತೆ ಮಂಚಕ್ಕೆ ಕೂತಿತ್ತು. ಅತ್ತೆಯ ಮೇಲೆ ಸಿಟ್ಟು ಬಂತು, ಬೈಗುಳಕ್ಕೆ ಹೆದರಿ ಸುಳ್ಳು ಹೇಳಿದ ಆ ಹತ್ತೊಂಬತ್ತರ ಹುಡುಗಿಯ ಮೇಲೆ ಕನಿಕರವೂ ಬಂತು. ಎರಡಕ್ಕಿಂತ ಮೊದಲು ಬಂದದ್ದು ಬೇರೆ ಯೋಚನೆ: ಇದು ಅಕ್ಕನಿಗೆ ಗೊತ್ತಾದರೆ ಅವಳು ಬರುವುದಿಲ್ಲ. ಕಟ್ಟು ಬಿಚ್ಚಲು ಇನ್ನೂ ಇಪ್ಪತ್ತೆರಡು ದಿನ ಇದೆ. ನನ್ನ ಮನಸ್ಸು ಅಷ್ಟು ಚಿಕ್ಕದು ಎಂದು ಅವತ್ತೇ ನನಗೆ ತಿಳಿದದ್ದು.

"ಅವ್ಳಿಗ ಏಳ್ಬುಡ್ಲಾ?" ಎಂದರು ಅತ್ತೆ.

"ಈಗ್ಯಾಕತ್ತೆ, ಇಷ್ಟು ವರ್ಸ ಆದ್ಮ್ಯಾಲ," ಎಂದೆ.

ಅವರು ನನ್ನ ಕೈಯಲ್ಲಿದ್ದ ಫೋನನ್ನು ನೋಡಿ, "ಆ ನಿನ್ನ ಪೋನ್ನೋರ್ನ ಕೇಳು. ಎಲ್ಲಾನೂ ಕಂಡಿಡೀತಾರಲ್ಲ. ಸಾಯ್ಲಿ ಅಂತ ಅಲ್ದೆ ಎದ್ರಿ ಏಳ್ದೋಳು ಕೊಲೆಗಾರ್ತಿನಾ ಅಂತ ಕೇಳು," ಎಂದರು.

ಕೇಳಿದೆ. ತಮ್ಮನ ಬದಲು ಒಬ್ಬ ಎಳೆ ಸೊಸೆ, ಅತ್ತೆಗೆ ಹೆದರಿ ಹಾಗೆ ಹೇಳಿದ್ದರೆ ಎಂದು ಆಟದ ಮಾತಿನಂತೆಯೇ ಬರೆದೆ. ಕಾಯುತ್ತಿದ್ದವರಂತೆ ಮುಗಿಬಿದ್ದರು. 'ನೇರ ಗಲ್ಲು!' ಎಂದು ಒಬ್ಬರು. 'ಹೆದರಿ ಹೇಳಿದ್ದನ್ನು ಕ್ಷಮಿಸಬಹುದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂತಳಲ್ಲ, ಅದಕ್ಕೆ ಕ್ಷಮೆ ಇಲ್ಲ' ಎಂದರು ಬ್ಯಾಂಕಿನವರು. ಸೂತ್ರಧಾರರು, 'ಮುಂದಿನ ತಿಂಗಳಿಗೆ ಒಳ್ಳೆ ಕತೆ ಕೊಟ್ಟಿರಿ ಟೀಚರ್' ಎಂದು ಮತ್ತೆ ಚಪ್ಪಾಳೆ ಹಾಕಿದರು. ಅವರ ತಪ್ಪೇನಿಲ್ಲ, ಅವರಿಗೆ ಅದು ಆಟ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನಂದ್ರು?"

"ಎದ್ರಿ ಏಳಿದ್ದು, ತಪ್ಪಲ್ಲ ಅಂದ್ರು," ಎಂದೆ.

ಸಮಾಧಾನವಾದರೆ ಅತ್ತೆ ಸುಮ್ಮನಾಗುತ್ತಾರೆ, ಅಕ್ಕನಿಗೆ ಹೇಳುವ ಮಾತು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ. ಲೆಕ್ಕ ತಲೆಕೆಳಗಾಯಿತು. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆ ಹೊತ್ತಿಗೆ ಸರಿಯಾಗಿ ಅಕ್ಕ ಹುಲ್ಲಿನ ಹೊರೆ ಹೊತ್ತುಕೊಂಡು ಬಂದಳು. ಹೊರೆ ಇಳಿಸುವುದಕ್ಕೂ ಬಿಡದೆ ಅತ್ತೆ, "ಬಾಮ್ಮಿ ಇಲ್ಲಿ, ಕೂತ್ಕ," ಎಂದರು. ಅಷ್ಟು ವರ್ಷದಲ್ಲಿ ಅವಳನ್ನು ಅವರು ಜಗಲಿಯ ಮೇಲೆ ಕೂರಿಸಿದ್ದನ್ನು ನಾನು ನೋಡಿರಲಿಲ್ಲ. ಅಕ್ಕ ಕೂರಲಿಲ್ಲ. ಹೊರೆಯನ್ನು ಕೊಟ್ಟಿಗೆಯ ಬಾಗಿಲಿಗೆ ಒರಗಿಸಿ ನಿಂತಳು.

ಅತ್ತೆ ಎಲ್ಲವನ್ನೂ ಹೇಳಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ನಡುವೆ ಅತ್ತರು. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಓದ್ದೋರು, ದೂರದೂರ್ನೋರು ಎಲ್ರೂ ಅದು ತಪ್ಪಲ್ಲ ಅಂದವ್ರೆ ಕಣಮ್ಮಿ. ಕೇಳು ಬೇಕಾದ್ರ," ಎಂದರು.

ಅಕ್ಕ ನನ್ನ ಕಡೆ ನೋಡಿದಳು. ನಾನು ಫೋನನ್ನು ಹೊದಿಕೆಯೊಳಗೆ ಸೇರಿಸಿದೆ.

"ಅದ್ನ ಏಳಕ್ಕ ಅವ್ರು ಯಾರವ್ವ?" ಎಂದಳು ಅಕ್ಕ. ದನಿ ಏರಿರಲಿಲ್ಲ. "ನಂಗ ಗೊತ್ತಿತ್ತು. ಆವತ್ತು ವತ್ತಾರೆ ಕೊಟ್ಗ ಬಾಚಕ್ಕ ಬಂದಾಗ ಬಾಯಿ ಮುಚ್ಚೇ ಇತ್ತು. ಆಮ್ಯಾಲ ನಾನು ಕಳ ಕೀಳಕ್ಕ ಒಲಕ್ಕ ಓದೆ. ಮದ್ಯಾನ ಕರ್ಕಂಡು ಬಂದು ಎಣ ತೋರುಸ್ದ್ರು. ಎಲ್ರೂ ನೆನ್ನೇನೇ ತಗ್ದಿದ್ರು ಅಂದ್ರು."

ಅತ್ತೆ, "ಗೊತ್ತಿದ್ದೂ ಯಾಕಮ್ಮಿ ಕೇಳ್ನಿಲ್ಲ?" ಎಂದರು.

"ಕೇಳುದ್ರ ನೀವು ಇಲ್ಲ ಅಂತಿದ್ರಿ. ಇಲ್ಲ ಅಂದ್ಮ್ಯಾಲ ನಾನು ಈ ಬಾಗ್ಲಿಗ ಬರಕ್ಕಾಯ್ತಿರ್ನಿಲ್ಲ. ಎರಡು ಮಕ್ಳು ಕಂಕುಳಲ್ಲಿ. ಈ ಮನ ಬುಟ್ರ ಗಂಜಿ ಯಾರು ಉಯ್ತಿದ್ರು? ಗೊತ್ತಿಲ್ದೋಳಂಗ ಬಂದೆ, ಗೊತ್ತಿಲ್ದೋಳಂಗ ಓದೆ." ಸೆರಗನ್ನು ಕೊಡವಿ ಹುಲ್ಲಿನ ಎಸಳುಗಳನ್ನು ಉದುರಿಸಿಕೊಂಡಳು. "ಈಗ ನೀವೇ ಬಾಯ್ಬುಟ್ಟು ಏಳ್ಬುಟ್ರಿ. ಇನ್ನ ಗೊತ್ತಿಲ್ದೋಳಂಗ ಎಂಗ್ ಬರ್ಲಿ? ಮಕ್ಳು ಅನ್ನ ಆಕ್ತವ. ಸಾಕು ಬುಡಿ."

ಹೋಗುವ ಮೊದಲು ಅವಳು ನನ್ನ ಬಳಿ ಬಂದು, "ಓಗ್ಬೇಕಾ?" ಎಂದು ಕೇಳಿದಳು. ಹೌದೆಂದೆ. ಎಂದಿನಂತೆ ಕಂಕುಳಿಗೆ ಭುಜ ಕೊಟ್ಟು ಎತ್ತಿ ಹಿತ್ತಲಿಗೆ ಕರೆದೊಯ್ದಳು, ಕಾದು ನಿಂತಳು, ಕರೆತಂದು ಮಲಗಿಸಿದಳು. ಕಾಲಿನ ಕೆಳಗೆ ದಿಂಬು ಸರಿಮಾಡಿ, ಹೊರೆಯನ್ನು ದನಗಳಿಗೆ ಹಾಕಿ, ಕೈ ತೊಳೆದುಕೊಂಡು ಹೊರಟಳು. ಮರುದಿನ ಬರಲಿಲ್ಲ. ಗಂಡ ಎರಡು ಸಲ ಕಾಲೋನಿಗೆ ಹೋಗಿ ಕರೆದು ಬಂದ, ಮೂರನೇ ಸಲ ಹೋಗಬೇಡ ಎಂದು ನಾನೇ ಹೇಳಿದೆ.

ಅವಳು ಹೋದ ಆ ಸಂಜೆ ಆರಕ್ಕೆ ಗಂಡ ಟಾರ್ಚು, ಪಟಾಕಿ ತೆಗೆದುಕೊಂಡು ಅಟ್ಟಣೆಗೆ ಹೋದ. ಆ ಹೊತ್ತಿನ ಮೇಲೆ ನಮ್ಮ ಕಡೆ ಯಾರೂ ಅಂಗಳ ದಾಟುವುದಿಲ್ಲ. ಗೇಟು ಹಾಕಿದ ಮೇಲೆ ಅತ್ತೆ ಬಂದು ಮತ್ತೆ ಮಂಚದ ಅಂಚಿಗೆ ಕೂತರು. ಫೋನು ಹೊದಿಕೆಯೊಳಗೆ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಆ ಎಳೆ ಸೊಸೆಗೆ ಏನು ಶಿಕ್ಷೆ ಎಂದು ಗುಂಪಿನಲ್ಲಿ ಇನ್ನೂ ವಾದ ಮುಗಿದಿರಲಿಲ್ಲ.

"ಅವ್ರು ದಿಟವಾಗ್ಲೂ ತಪ್ಪಲ್ಲ ಅಂದ್ರೇನವ್ವ?" ಎಂದು ಕೇಳಿದರು ಅತ್ತೆ.

ನಿಜ ಹೇಳಿದರೆ ಆ ರಾತ್ರಿ ಅವರ ಮುಖ ನೋಡಿಕೊಂಡು ಇಲ್ಲೇ ಬಿದ್ದಿರಬೇಕಾದವಳು ನಾನು. ನನ್ನನ್ನು ಎತ್ತಿ ಬೇರೆ ಕಡೆ ಕೂರಿಸುವವರು ಯಾರೂ ಇರಲಿಲ್ಲ.

"ಊಂ ಅತ್ತೆ," ಎಂದೆ. "ಎಲ್ರೂ ಅಂಗೇ ಅಂದ್ರು."